ರಮೋನ್ಸ್ ಕೊನೆಯ ಆಲ್ಬಮ್ 'ಅಡಿಯೋಸ್ ಅಮಿಗೋಸ್': ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ರಾಕ್ ಬ್ಯಾಂಡು ರಮೋನ್ಸ್ ಅಂದ ತಕ್ಷಣ ಮಾತು 1976ರ ಮೊದಲ ಆಲ್ಬಮ್ಮಿಗೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ. ಅವರು ಕೊನೆಗೆ ಏನು ಮಾಡಿದರು ಅಂತ ಕೇಳುವವರು ಕಡಿಮೆ. ಕೇಳಿದವರಿಗೆ ಹೇಳಬೇಕಾದ್ದು ತುಂಬ ಇದೆ. ಸುಸ್ತಾಗಿದ್ದ ಒಂದು ಬ್ಯಾಂಡು, ತಾನು ಮುಗಿಸುತ್ತಿದ್ದೇನೆ ಅಂತ ಗೊತ್ತಿದ್ದೇ ಮಾಡಿದ ಆಲ್ಬಮ್ ಇದು. ಆ ಅರಿವು ಹಾಡುಗಳ ಒಳಗೂ ಇದೆ. ನನಗೆ ಇದು ಬಹಳ ಇಷ್ಟ. ಯಾಕೆ ಅಂತ ಕೆಳಗಿನ ಉತ್ತರಗಳಲ್ಲಿ ಹೇಳುತ್ತೇನೆ.

ಈ ಆಲ್ಬಮ್ ಯಾವಾಗ ಬಂತು? ಯಾರು ಮಾಡಿದ್ದು?

1995ರ ಜುಲೈ 18ರಂದು, ರೇಡಿಯೋಆಕ್ಟಿವ್ ರೆಕಾರ್ಡ್ಸ್ ಮೂಲಕ ಬಂತು. ರಮೋನ್ಸ್ ಮಾಡಿದ 14 ಸ್ಟುಡಿಯೋ ಆಲ್ಬಮ್ಮುಗಳಲ್ಲಿ ಇದೇ ಕೊನೆಯದು. ಒಟ್ಟು 13 ಹಾಡು, ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಹೊತ್ತು. ಪ್ರೊಡ್ಯೂಸರ್ ಡೇನಿಯಲ್ ರೇ. 1987ರ 'ಹಾಫ್‌ವೇ ಟು ಸ್ಯಾನಿಟಿ'ಗೂ ಇವನೇ ಪ್ರೊಡ್ಯೂಸರ್ ಆಗಿದ್ದ. ಸ್ವತಃ ಗಿಟಾರ್ ನುಡಿಸುತ್ತಿದ್ದವನು, ಬ್ಯಾಂಡಿನ ಹಿಂದಿನ ಬೇಸ್ ಗಿಟಾರ್ ವಾದಕ ಡೀ ಡೀ ಜೊತೆ ಕೂತು ಹಾಡು ಬರೆಯುತ್ತಿದ್ದವನು. ಹಾಗಾಗಿ ಬ್ಯಾಂಡಿನ ಒಳಹೊರಗು ಅವನಿಗೆ ಚೆನ್ನಾಗಿ ಗೊತ್ತಿತ್ತು. ಈ ಆಲ್ಬಮ್ಮಿನಲ್ಲಿ ಹಾಡುವುದು ಜೋಯಿ, ಗಿಟಾರ್ ಜಾನಿ, ಬೇಸ್ ಗಿಟಾರ್ ಸಿ.ಜೆ., ಡ್ರಮ್ಸ್ ಮಾರ್ಕಿ.

ನಾನು ರಮೋನ್ಸ್ ಕೇಳೇ ಇಲ್ಲ. ಸ್ವಲ್ಪದರಲ್ಲಿ ಹೇಳಿ.

ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಫಾರೆಸ್ಟ್ ಹಿಲ್ಸ್ ಹುಡುಗರು. 1974ರಲ್ಲಿ ಶುರು ಮಾಡಿದರು. ಎಲ್ಲರೂ ಹೆಸರಿನ ಮುಂದೆ ರಮೋನ್ ಅಂತ ಸೇರಿಸಿಕೊಂಡರು, ಆದರೆ ಯಾರೂ ಅಣ್ಣತಮ್ಮಂದಿರಲ್ಲ. ಜೋಯಿ ಅಂದರೆ ಜೆಫ್ರಿ ಹೈಮನ್, ಜಾನಿ ಅಂದರೆ ಜಾನ್ ಕಮಿಂಗ್ಸ್, ಡೀ ಡೀ ಅಂದರೆ ಡಗ್ಲಸ್ ಕಾಲ್ವಿನ್. ಮೊದಲ ಡ್ರಮ್ಮರ್ ಟಾಮಿ ಹುಟ್ಟಿದ್ದು ಬುಡಾಪೆಸ್ಟ್‌ನಲ್ಲಿ. ಪಾಲ್ ಮೆಕಾರ್ಟ್ನಿ ಬೀಟಲ್ಸ್‌ನ ಆರಂಭದ ದಿನಗಳಲ್ಲಿ ಪಾಲ್ ರಮೋನ್ ಅಂತ ಹೆಸರು ಇಟ್ಟುಕೊಂಡಿದ್ದನಲ್ಲ, ಅಲ್ಲಿಂದ ಬಂದದ್ದು ಇವರ ಹೆಸರು.

ಆಗ ರಾಕ್ ಅಂದರೆ ಹತ್ತು ನಿಮಿಷದ ಹಾಡು, ಉದ್ದುದ್ದ ಗಿಟಾರ್ ಸೋಲೋ. ಇವರು ಎರಡು ನಿಮಿಷದೊಳಗೆ ಹಾಡು ಮುಗಿಸುತ್ತಿದ್ದರು. ಸೋಲೋ ಇಲ್ಲ, ಮಾತಿಲ್ಲ. ಒನ್ ಟೂ ಥ್ರೀ ಫೋರ್ ಅಂತ ಎಣಿಸಿದರೆ ಮುಂದಿನ ಹಾಡು. ಮೊದಲ ಆಲ್ಬಮ್ಮಿನಲ್ಲಿ 14 ಹಾಡು 29 ನಿಮಿಷದಲ್ಲಿ ಮುಗಿಯುತ್ತದೆ, ಖರ್ಚಾದದ್ದು ಸುಮಾರು 6,400 ಡಾಲರ್. ಲಂಡನ್ನಿನಿಂದ ಕ್ಯಾಲಿಫೋರ್ನಿಯಾವರೆಗೆ ಪಂಕ್ ಅನ್ನುವ ವೇಗದ, ಒರಟು ರಾಕ್ ಅಂತ ಮುಂದೆ ಏನೇನು ಹುಟ್ಟಿತೋ, ಅದರ ಬೇರು ಅಲ್ಲಿದೆ.

ಇನ್ನೊಂದು ಮಾತು. ಗುಂಡಗಿನ ಮುದ್ರೆ, ಮಧ್ಯೆ ಹದ್ದು, ಅದರ ಕಾಲಲ್ಲಿ ಬೇಸ್‌ಬಾಲ್ ಬ್ಯಾಟು ಇರುವ ಕರಿ ಟೀ ಶರ್ಟನ್ನು ನೀವು ಬೆಂಗಳೂರಿನ ಬೀದಿಗಳಲ್ಲೂ ನೋಡಿರುತ್ತೀರಿ. ಅದು ಇವರದೇ. ಬಿಡಿಸಿದವನು ಆರ್ಟುರೋ ವೇಗಾ. ಟೀ ಶರ್ಟು ಇಲ್ಲಿಯವರೆಗೂ ಬಂದಿದೆ, ಹಾಡುಗಳೂ ಅಷ್ಟೇ ದೂರ ಬರಲಿ ಅನ್ನುವುದು ನನ್ನ ಆಸೆ.

ಕೊನೆಯ ಆಲ್ಬಮ್ ಅಂತ ಅವರಿಗೆ ಮೊದಲೇ ಗೊತ್ತಿತ್ತಾ?

ಗೊತ್ತಿತ್ತು. ಹೆಸರೇ ಹೇಳುತ್ತದೆ, ಸ್ಪ್ಯಾನಿಶ್‌ನಲ್ಲಿ ಗೆಳೆಯರಿಗೆ ವಿದಾಯ. ಇದು ಮಾರಾಟ ಆಗದಿದ್ದರೆ ನಿಲ್ಲಿಸುತ್ತೇವೆ ಅಂತಲೂ ಹೇಳಿಕೊಂಡಿದ್ದರು.

ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಿ. 1994ರ ಫೆಬ್ರವರಿಯಲ್ಲಿ ಗ್ರೀನ್ ಡೇ ಬ್ಯಾಂಡಿನ 'ಡೂಕಿ' ಬಂತು. ಏಪ್ರಿಲ್‌ನಲ್ಲಿ ಆಫ್‌ಸ್ಪ್ರಿಂಗ್ ಬ್ಯಾಂಡಿನ 'ಸ್ಮ್ಯಾಶ್' ಬಂತು. ಎರಡೂ ಕೋಟಿ ಲೆಕ್ಕದಲ್ಲಿ ಮಾರಾಟವಾದವು. ಇಬ್ಬರೂ ರಮೋನ್ಸ್ ಹಾಕಿದ ದಾರಿಯಲ್ಲಿ ನಡೆದವರು, ಅದನ್ನು ಬಾಯಿಬಿಟ್ಟು ಹೇಳಿದವರು ಕೂಡ. ಆದರೆ ದಾರಿ ಹಾಕಿದವರು ಇನ್ನೂ ವ್ಯಾನಿನಲ್ಲಿ ಊರೂರು ಸುತ್ತುತ್ತಿದ್ದರು. 20 ವರ್ಷ ದುಡಿದರೂ ಅಮೆರಿಕದಲ್ಲಿ ಅವರ ಒಂದೇ ಒಂದು ಸ್ಟುಡಿಯೋ ಆಲ್ಬಮ್ಮೂ ಆಗಿನ್ನೂ ಗೋಲ್ಡ್ (ಐದು ಲಕ್ಷ ಪ್ರತಿಯ ಮನ್ನಣೆ) ಆಗಿರಲಿಲ್ಲ. 1976ರ ಮೊದಲ ಆಲ್ಬಮ್ಮಿಗೆ ಆ ಮನ್ನಣೆ ಸಿಕ್ಕಿದ್ದು 2014ರಲ್ಲಿ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಜಾನಿ ಲೆಕ್ಕಾಚಾರದ ಮನುಷ್ಯ. ದುಡ್ಡು ಕೂಡಿಟ್ಟು, ಮೈಯಲ್ಲಿ ಕಸುವು ಇರುವಾಗಲೇ ನಿಲ್ಲಿಸಬೇಕು ಅಂತ ಅವನ ಮನಸ್ಸಿನಲ್ಲಿತ್ತು. ಜೋಯಿಗೆ ಲಿಂಫೋಮಾ ಅನ್ನುವ ಕ್ಯಾನ್ಸರ್ ಇರುವುದು ತಿಳಿದದ್ದು ಆ ದಶಕದ ಮಧ್ಯದಲ್ಲೇ. ವರ್ಷಪೂರ್ತಿ ತಿರುಗಾಟ ಅವನಿಗೆ ಕಷ್ಟವಾಗುತ್ತಿತ್ತು.

ಜೋಯಿ ಮತ್ತು ಜಾನಿ ಮಾತೇ ಆಡುತ್ತಿರಲಿಲ್ಲವಂತೆ, ನಿಜವಾ?

ನಿಜ. 1980ರ ದಶಕದ ಆರಂಭದಲ್ಲಿ ಜೋಯಿಯ ಗೆಳತಿ ಲಿಂಡಾ ಅವನನ್ನು ಬಿಟ್ಟು ಜಾನಿ ಜೊತೆ ಹೋದಳು, ಮುಂದೆ ಅವನನ್ನೇ ಮದುವೆಯಾದಳು. ರಾಜಕೀಯದಲ್ಲೂ ಇಬ್ಬರದು ಬೇರೆ ಬೇರೆ ದಿಕ್ಕು. ಜಾನಿ ಕಟ್ಟಾ ರಿಪಬ್ಲಿಕನ್, ಜೋಯಿ ಉದಾರವಾದಿ. ಹೀಗಿದ್ದೂ ಒಂದೇ ವ್ಯಾನಿನಲ್ಲಿ ಕೂತು, ಒಂದೇ ಸ್ಟೇಜ್ ಹತ್ತಿ ಇಳಿದರು. ಇದರ ಬಗ್ಗೆ ಗಾಸಿಪ್ ಬೇಕಾದಷ್ಟು ಸಿಗುತ್ತದೆ, ನನಗೆ ಅದರಲ್ಲಿ ಆಸಕ್ತಿ ಇಲ್ಲ. ಆಲ್ಬಮ್ ಕೇಳುವಾಗ ಮಾತ್ರ ಒಂದು ಗಮನಿಸಿ. ಒಬ್ಬರ ಮುಖ ಒಬ್ಬರು ನೋಡದ ಇಬ್ಬರ ದನಿ ಮತ್ತು ಗಿಟಾರ್ ಇಲ್ಲಿ ಎಷ್ಟು ಚೆನ್ನಾಗಿ ಬೆರೆತಿದೆ ನೋಡಿ. ಕೆಲಸದ ವಿಷಯಕ್ಕೆ ಬಂದರೆ ಇಬ್ಬರೂ ಎಂದೂ ಕೈಕೊಟ್ಟವರಲ್ಲ.

ಡೀ ಡೀ 1989ರಲ್ಲೇ ಬ್ಯಾಂಡ್ ಬಿಟ್ಟಿದ್ದ. ಹಾಗಾದರೆ ಇಷ್ಟೊಂದು ಹಾಡಿಗೆ ಅವನ ಹೆಸರು ಯಾಕೆ?

ಈ ಆಲ್ಬಮ್ಮಿನ ಜೀವ ಇರುವುದೇ ಈ ಪ್ರಶ್ನೆಯಲ್ಲಿ.

ಡೀ ಡೀ ಬರೀ ಬೇಸ್ ಗಿಟಾರ್ ನುಡಿಸುವವನಾಗಿರಲಿಲ್ಲ. ರಮೋನ್ಸ್‌ನ ಮುಖ್ಯ ಹಾಡುಗಾರಿಕೆ ಜೋಯಿಯದಾದರೆ, ಮುಖ್ಯ ಬರವಣಿಗೆ ಅವನದು. 1989ರಲ್ಲಿ ಬಿಟ್ಟುಹೋದ ಮೇಲೂ ಹಾಡು ಬರೆದು ಕೊಡುವುದನ್ನು ನಿಲ್ಲಿಸಲಿಲ್ಲ. 1992ರ 'ಮೊಂಡೋ ಬಿಜಾರೋ' ಆಲ್ಬಮ್ಮಿನ 'ಪಾಯ್ಸನ್ ಹಾರ್ಟ್' ಅವನು ಡೇನಿಯಲ್ ರೇ ಜೊತೆ ಬರೆದದ್ದು. ಅಡಿಯೋಸ್ ಅಮಿಗೋಸ್‌ಗೆ ಬಂದರೆ 13ರಲ್ಲಿ 6 ಹಾಡು ಅವನ ಕೈಯಿಂದ ಬಂದವು. ಬ್ಯಾಂಡಿನ ಹೊರಗಿದ್ದವನೇ ಎಲ್ಲರಿಗಿಂತ ಜಾಸ್ತಿ ಕೊಟ್ಟಿದ್ದಾನೆ.

ಅವುಗಳಲ್ಲಿ ಕೆಲವು ಹಳೆಯವು. 'ಮೇಕಿನ್ ಮಾನ್ಸ್ಟರ್ಸ್ ಫಾರ್ ಮೈ ಫ್ರೆಂಡ್ಸ್' ಮತ್ತು 'ಇಟ್ಸ್ ನಾಟ್ ಫಾರ್ ಮಿ ಟು ನೋ' ಎರಡೂ 1994ರಲ್ಲಿ ಅವನ ಸ್ವಂತ ಬ್ಯಾಂಡಿನ ಆಲ್ಬಮ್ಮಿನಲ್ಲಿ ಬಂದಿದ್ದವು. 'ದ ಕ್ರಷರ್' ಇನ್ನೂ ಹಿಂದಿನದು. 1989ರಲ್ಲಿ ಡೀ ಡೀ ಕಿಂಗ್ ಅಂತ ಹೆಸರಿಟ್ಟುಕೊಂಡು ಅವನೊಂದು ರ‍್ಯಾಪ್ ಆಲ್ಬಮ್ ಮಾಡಿದ್ದ. ಜನ ಅದನ್ನು ನಕ್ಕು ತಳ್ಳಿಹಾಕಿದರು. ಅದರಲ್ಲಿದ್ದ ಕುಸ್ತಿಪಟುವಿನ ಹಾಡನ್ನು ರಮೋನ್ಸ್ ಎತ್ತಿಕೊಂಡು, ಜಾನಿಯ ಗಿಟಾರ್ ಹಾಕಿ, ಸಿ.ಜೆ. ಕೈಲಿ ಹಾಡಿಸಿದರು. ಈಗ ಕೇಳಿದರೆ ಅದು ರಮೋನ್ಸ್‌ಗೆಂದೇ ಹುಟ್ಟಿದ ಹಾಡಿನ ಹಾಗಿದೆ.

ಆದರೆ ನನ್ನನ್ನು ಪ್ರತಿ ಸಲ ಹಿಡಿದು ನಿಲ್ಲಿಸುವುದು ಕೊನೆಯ ಹಾಡು, 'ಬಾರ್ನ್ ಟು ಡೈ ಇನ್ ಬರ್ಲಿನ್'. ಡೀ ಡೀಯ ತಾಯಿ ಜರ್ಮನ್, ತಂದೆ ಅಮೆರಿಕದ ಸೈನಿಕ. ಬಾಲ್ಯದ ಬಹುಪಾಲು ಕಳೆದದ್ದು ಜರ್ಮನಿಯಲ್ಲಿ, ಬರ್ಲಿನ್ನಿನಲ್ಲೂ ಇದ್ದವನು. ಮಾದಕ ವಸ್ತುವಿನ ಜೊತೆ ಅವನ ಹೋರಾಟವೂ ಹದಿಹರೆಯದಲ್ಲೇ ಶುರುವಾದದ್ದು. ಅದೆಲ್ಲದರ ನೆರಳು ಈ ಹಾಡಿನ ಮೇಲಿದೆ. ಜೋಯಿ ಹಾಡುತ್ತಾ ಹೋಗುತ್ತಾನೆ. ಮಧ್ಯೆ ಇದ್ದಕ್ಕಿದ್ದ ಹಾಗೆ ಬೇರೊಂದು ದನಿ ಬರುತ್ತದೆ. ಒರಟು, ಕೀರಲು, ಜರ್ಮನ್ ಭಾಷೆ. ಫೋನಿನಲ್ಲಿ ಕೇಳಿಸುವ ಹಾಗಿದೆ, ಯಾಕೆಂದರೆ ಅದು ನಿಜಕ್ಕೂ ಫೋನಿನಲ್ಲಿ ಹೇಳಿಸಿ ರೆಕಾರ್ಡ್ ಮಾಡಿದ್ದು. ಅದು ಡೀ ಡೀ. ಬ್ಯಾಂಡಿನ ಕೊನೆಯ ಆಲ್ಬಮ್ಮಿನ ಕೊನೆಯ ಹಾಡಿಗೆ ಅವನೂ ಬಂದು ಸೇರಿಕೊಂಡ. ಮುಂದಿನ ಸಲ ಕೇಳುವಾಗ ಇಯರ್‌ಫೋನ್ ಹಾಕಿಕೊಂಡು ಕೇಳಿ, ಆ ದನಿ ಬರುವ ಕ್ಷಣ ಚೆನ್ನಾಗಿ ತಿಳಿಯುತ್ತದೆ.

ಮೊದಲ ಹಾಡು ಟಾಮ್ ವೇಟ್ಸ್‌ದು ಅಂತಾರೆ, ಹೌದಾ?

ಹೌದು. 'ಐ ಡೋಂಟ್ ವಾಂಟ್ ಟು ಗ್ರೋ ಅಪ್' ಬರೆದವರು ಅಮೆರಿಕದ ಗಾಯಕ ಟಾಮ್ ವೇಟ್ಸ್ ಮತ್ತು ಅವನ ಹೆಂಡತಿ ಕ್ಯಾಥ್ಲೀನ್ ಬ್ರೆನನ್. 1992ರ 'ಬೋನ್ ಮಶೀನ್' ಆಲ್ಬಮ್ಮಿನಲ್ಲಿದೆ. ವೇಟ್ಸ್ ಅದನ್ನು ಗೊಗ್ಗರು ದನಿಯಲ್ಲಿ, ಕಿರಗುಡುವ ಗಿಟಾರ್ ಜೊತೆ ಹಾಡಿದ್ದಾನೆ. ದೊಡ್ಡವರ ಜಗತ್ತನ್ನು ಬಾಗಿಲ ಸಂದಿಯಿಂದ ನೋಡಿ ಬೇಡವೇ ಬೇಡ ಅನ್ನುವ ಮಗುವಿನ ಹಾಡು.

ರಮೋನ್ಸ್ ಇದನ್ನೇ ಪೂರ್ತಿ ವೇಗದಲ್ಲಿ, ಗಿಟಾರಿನ ಗೋಡೆ ಎಬ್ಬಿಸಿ ಹಾಡಿದರು. ಪದ ಬದಲಾಗಿಲ್ಲ, ಅರ್ಥ ಮಾತ್ರ ಇನ್ನೊಂದಾಗಿದೆ. ಜೋಯಿಗೆ ಆಗ 44 ವರ್ಷ. ಇಪ್ಪತ್ತು ವರ್ಷದಿಂದ ಅದೇ ಚರ್ಮದ ಜಾಕೆಟ್, ಅದೇ ಹರಿದ ಜೀನ್ಸ್, ಅದೇ ಹದಿಹರೆಯದ ಹಾಡು. ಅಂಥವನು ದೊಡ್ಡವನಾಗಲು ಇಷ್ಟವಿಲ್ಲ ಅಂದರೆ ಅದು ಹಟದ ಮಾತಲ್ಲ, ಒಂದು ಇಡೀ ಬದುಕಿನ ಲೆಕ್ಕ. ಬೇರೆಯವರ ಹಾಡನ್ನು ಮೊದಲು ಇಟ್ಟು ವಿದಾಯದ ಆಲ್ಬಮ್ ಶುರು ಮಾಡುವುದಕ್ಕೆ ಧೈರ್ಯ ಬೇಕು, ಅಲ್ವಾ? ಇಲ್ಲಿ ಅದು ಫಲ ಕೊಟ್ಟಿದೆ.

ವೇಟ್ಸ್ ಈ ಋಣ ತೀರಿಸಿದ. 2003ರಲ್ಲಿ ರಮೋನ್ಸ್ ಗೌರವಕ್ಕೆಂದು ಹಲವರು ಸೇರಿ ಮಾಡಿದ ಆಲ್ಬಮ್ಮಿಗೆ ಅವನು 'ದ ರಿಟರ್ನ್ ಆಫ್ ಜಾಕಿ ಆಂಡ್ ಜೂಡಿ' ಹಾಡಿಕೊಟ್ಟ.

ಆಲ್ಬಮ್ಮಿನಲ್ಲಿ ಬೇರೆಯವರ ಹಾಡು ಇನ್ನೂ ಇದೆಯಾ?

ಇನ್ನೊಂದಿದೆ. ಜಾನಿ ಥಂಡರ್ಸ್ ಬರೆದ 'ಐ ಲವ್ ಯೂ'. ನ್ಯೂಯಾರ್ಕ್ ಡಾಲ್ಸ್ ಬ್ಯಾಂಡು, ಆಮೇಲೆ ಹಾರ್ಟ್‌ಬ್ರೇಕರ್ಸ್‌ನಲ್ಲಿ ನುಡಿಸಿದವನು, ರಮೋನ್ಸ್ ಬೆಳೆದ ಅದೇ ಕೇರಿಯವನು. 1991ರಲ್ಲಿ ತೀರಿಕೊಂಡ. ಊರು ಬಿಡುವ ಮುಂಚೆ ಹಳೆಯ ಸಂಗಾತಿಯೊಬ್ಬನನ್ನು ನೆನೆದಿದ್ದಾರೆ.

ಸಿ.ಜೆ. ಯಾರು? ಅವನು ನಿಜವಾದ ರಮೋನಾ?

ಕ್ರಿಸ್ಟೋಫರ್ ಜೋಸೆಫ್ ವಾರ್ಡ್. ಹುಡುಗನಾಗಿದ್ದಾಗ ರಮೋನ್ಸ್ ಅಭಿಮಾನಿ, ಅಮೆರಿಕದ ಮರೀನ್ ಪಡೆಯಲ್ಲಿದ್ದವನು. 1989ರಲ್ಲಿ ಡೀ ಡೀ ಜಾಗಕ್ಕೆ ಬಂದ. ಹುಟ್ಟಿದ್ದು 1965ರ ಅಕ್ಟೋಬರ್ 8. ಜಾನಿ ಹುಟ್ಟಿದ್ದೂ ಅಕ್ಟೋಬರ್ 8, ಆದರೆ 1948. ಸರಿಯಾಗಿ 17 ವರ್ಷದ ಅಂತರ.

ನಿಜವಾದ ರಮೋನ್ ಅಲ್ಲ ಅಂತ ಮೂಗು ಮುರಿಯುವವರು ಈ ಆಲ್ಬಮ್ ಒಮ್ಮೆ ಗಮನವಿಟ್ಟು ಕೇಳಬೇಕು. 'ಮೇಕಿನ್ ಮಾನ್ಸ್ಟರ್ಸ್', 'ದ ಕ್ರಷರ್', 'ಕ್ರೆಟಿನ್ ಫ್ಯಾಮಿಲಿ', 'ಸ್ಕ್ಯಾಟರ್‌ಗನ್' ನಾಲ್ಕನ್ನೂ ಅವನೇ ಹಾಡಿದ್ದಾನೆ. 'ಸ್ಕ್ಯಾಟರ್‌ಗನ್' ಮತ್ತು 'ಗಾಟ್ ಅ ಲಾಟ್ ಟು ಸೇ' ಬರೆದಿದ್ದೂ ಅವನೇ. ಜೋಯಿಯ ದನಿ ತಗ್ಗಿದಾಗ ಇವನ ದನಿ ಆಲ್ಬಮ್ಮನ್ನು ಎತ್ತಿ ಹಿಡಿಯುತ್ತದೆ. ನನ್ನ ಮಟ್ಟಿಗೆ ಸಿ.ಜೆ. ಬರದೇ ಇದ್ದಿದ್ದರೆ ಬ್ಯಾಂಡು 1990ನ್ನು ದಾಟುತ್ತಿರಲಿಲ್ಲ.

ಜೋಯಿ ಬರೆದದ್ದು ಯಾವುದು?

ಎರಡು. 'ಲೈಫ್ಸ್ ಅ ಗ್ಯಾಸ್' ಮತ್ತು 'ಶಿ ಟಾಕ್ಸ್ ಟು ರೇನ್‌ಬೋಸ್'.

ಮೊದಲನೆಯದರಲ್ಲಿ ಪದಗಳು ಬಹಳ ಕಡಿಮೆ. ಒಂದೇ ಸಾಲು ತಿರುತಿರುಗಿ ಬರುತ್ತದೆ, ಬದುಕು ಮಜವಾಗಿದೆ ಅನ್ನುವ ಅರ್ಥದ್ದು. ಬೇಸರ ಮಾಡಿಕೊಳ್ಳಬೇಡ ಅಂತ ಯಾರಿಗೋ ಸಮಾಧಾನ ಹೇಳುತ್ತಾನೆ. ಕಾಗದದ ಮೇಲೆ ನೋಡಿದರೆ ಏನೂ ಇಲ್ಲ. ಆರೋಗ್ಯ ಕೈಕೊಡುತ್ತಿದ್ದ ಮನುಷ್ಯ ಹಾಡುತ್ತಿದ್ದಾನೆ ಅಂತ ತಿಳಿದು ಕೇಳಿದರೆ ಗಂಟಲು ಕಟ್ಟುತ್ತದೆ.

ಎರಡನೆಯದರಲ್ಲಿ 1960ರ ದಶಕದ ಹುಡುಗಿಯರ ಗುಂಪುಗಳ ಪಾಪ್ ಇಣುಕುತ್ತದೆ. ಜೋಯಿ ಬಾಲ್ಯದಿಂದ ಪ್ರೀತಿಸಿದ ಸಂಗೀತ ಅದು. ರೋನೆಟ್ಸ್ ಗುಂಪಿನ ರಾನಿ ಸ್ಪೆಕ್ಟರ್ ಅವನ ಆರಾಧ್ಯ ದೈವ. ಆಕೆ ಮುಂದೆ ಇದೇ ಹಾಡನ್ನು ಹಾಡಿದಳು, 1999ರಲ್ಲಿ ಬಂದ ಆಕೆಯ ಆ ರೆಕಾರ್ಡಿಗೆ ಹೆಸರೂ ಇದೇ. ಪ್ರೊಡ್ಯೂಸ್ ಮಾಡಿದವರಲ್ಲಿ ಜೋಯಿಯೂ ಒಬ್ಬ. ತಾನು ಬರೆದ ಹಾಡನ್ನು ತಾನು ಆರಾಧಿಸಿದ ಗಾಯಕಿಯೇ ಹಾಡುವುದಕ್ಕಿಂತ ದೊಡ್ಡ ಭಾಗ್ಯ ಬರೆಯುವವನಿಗೆ ಇನ್ನೇನಿದೆ?

ಜಾನಿಯ ಗಿಟಾರ್ ಹಳೆಯ ಹಾಗೇ ಇದೆಯಾ?

ಇದೆ. ಜಾನಿಯ ವಿಶೇಷ ಅಂದರೆ ಡೌನ್‌ಸ್ಟ್ರೋಕ್. ಸಾಮಾನ್ಯವಾಗಿ ಗಿಟಾರ್ ನುಡಿಸುವವರ ಕೈ ಮೇಲೆ ಕೆಳಗೆ ಎರಡೂ ಕಡೆ ಆಡುತ್ತದೆ, ಅದರಿಂದ ಶ್ರಮ ಅರ್ಧ ಆಗುತ್ತದೆ. ಜಾನಿ ಪ್ರತಿ ಹೊಡೆತವನ್ನೂ ಮೇಲಿನಿಂದ ಕೆಳಕ್ಕೇ ಹೊಡೆಯುತ್ತಿದ್ದ, ಅದೂ ಆ ವೇಗದಲ್ಲಿ. ಹಾಗಾಗಿ ಪ್ರತಿ ಹೊಡೆತದ ತೂಕ ಒಂದೇ. ನಿಮ್ಮ ಹತ್ತಿರ ಗಿಟಾರ್ ಇದ್ದರೆ ಅವರ ಯಾವುದಾದರೂ ಹಾಡಿಗೆ ಬರೀ ಕೆಳಗಿನ ಹೊಡೆತದಲ್ಲಿ ನುಡಿಸಿ ನೋಡಿ. ಒಂದು ನಿಮಿಷದೊಳಗೆ ಮುಂಗೈ ಬಿಗಿಯುತ್ತದೆ. ಅವನು ಸ್ಟೇಜಿನ ಮೇಲೆ ಒಂದು ಗಂಟೆಗೂ ಮೀರಿ, ವರ್ಷಗಟ್ಟಲೆ ಹೀಗೇ ನುಡಿಸಿದ.

ಮೊದಲ ಆಲ್ಬಮ್ಮಿಗೂ ಇದಕ್ಕೂ ಇರುವ ವ್ಯತ್ಯಾಸ ರೆಕಾರ್ಡಿಂಗಿನದು. ಅಲ್ಲಿ ಗಿಟಾರ್ ಒಂದು ಕಡೆ, ಬೇಸ್ ಇನ್ನೊಂದು ಕಡೆ, ಒಣಒಣ ಸದ್ದು. ಇಲ್ಲಿ ತುಂಬಿಕೊಂಡ, ದಪ್ಪ ಸದ್ದು. 90ರ ದಶಕದ ರಾಕ್ ಕೇಳಿ ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ.

ಮುಖಪುಟದಲ್ಲಿ ಡೈನೋಸಾರ್ ಯಾಕಿದೆ?

ಎರಡು ಡೈನೋಸಾರ್, ತಲೆಗೆ ಮೆಕ್ಸಿಕೋದ ಅಗಲ ಟೋಪಿ. ಮೂಲ ಚಿತ್ರ ಮಾರ್ಕ್ ಕೊಸ್ಟಾಬಿ ಅನ್ನುವ ಕಲಾವಿದನದು, ಟೋಪಿ ಆಮೇಲೆ ಸೇರಿಸಿದ್ದು. ಒಂದು ಕಾಲ ಮುಗಿಯಿತು ಅಂತ ನಗುನಗುತ್ತಾ ಹೇಳಿದ್ದಾರೆ.

ಸ್ಪೈಡರ್‌ಮ್ಯಾನ್ ಹಾಡು ಇದರಲ್ಲಿದೆಯಾ?

ಕೆಲವು ಪ್ರತಿಗಳಲ್ಲಿ, ಪಟ್ಟಿಯಲ್ಲಿ ಹೆಸರಿಲ್ಲದೆ ಕೊನೆಗೆ ಇದೆ. 1995ರಲ್ಲೇ ಹಳೆಯ ಕಾರ್ಟೂನ್ ಹಾಡುಗಳ ಒಂದು ಸಂಗ್ರಹಕ್ಕೆಂದು ಅವರು ಹಾಡಿದ್ದು ಅದು. ಜಪಾನಿನ ಪ್ರತಿಯಲ್ಲಿ ಬೇರೊಂದಿದೆ. ಮೋಟರ್‌ಹೆಡ್ ಬ್ಯಾಂಡು ರಮೋನ್ಸ್ ಬಗ್ಗೆಯೇ 1991ರಲ್ಲಿ ಬರೆದ ಹಾಡನ್ನು ರಮೋನ್ಸ್ ತಿರುಗಿ ಹಾಡಿದ್ದಾರೆ. ಹಳೆಯ ಸಿ.ಡಿ. ಕೊಳ್ಳುವವರು ಯಾವ ದೇಶದ ಪ್ರತಿ ಅಂತ ನೋಡಿಕೊಂಡು ಕೊಳ್ಳಿ.

ಆಲ್ಬಮ್ ಓಡಿತಾ?

ಇಲ್ಲ. ಅಮೆರಿಕದ ಬಿಲ್‌ಬೋರ್ಡ್ 200ರ ಪಟ್ಟಿಯಲ್ಲಿ 148ರವರೆಗೆ ಬಂತು, ಅಷ್ಟೇ.

ದಕ್ಷಿಣ ಅಮೆರಿಕದ ಕಥೆ ಬೇರೆ. ಅರ್ಜೆಂಟೀನಾದಲ್ಲಿ ಅವರನ್ನು ಜನ ದೇವರ ಹಾಗೆ ನೋಡುತ್ತಿದ್ದರು. 1996ರ ಮಾರ್ಚ್ 16ರಂದು ಬ್ಯೂನಸ್ ಐರಿಸ್‌ನ ರಿವರ್ ಪ್ಲೇಟ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಹಾಡಿದರು. ರಾಕ್ ಗಾಯಕ ಇಗ್ಗಿ ಪಾಪ್ ಕೂಡ ಅದೇ ವೇದಿಕೆಯಲ್ಲಿದ್ದ. ತಮ್ಮ ದೇಶದಲ್ಲಿ ಕ್ಲಬ್ಬು, ಸಣ್ಣ ಹಾಲುಗಳಲ್ಲಿ ನುಡಿಸುತ್ತಿದ್ದವರಿಗೆ ಅಲ್ಲಿ ಕ್ರೀಡಾಂಗಣ ತುಂಬ ಜನ. ಅಲ್ಲಿಯ ವಿಡಿಯೋ ಸಿಕ್ಕಿದರೆ ಜನರನ್ನು ನೋಡಿ. ಪದಕ್ಕಿಂತ ಮೊದಲು ಗಿಟಾರಿನ ರಾಗವನ್ನೇ ಸಾವಿರಾರು ಜನ ಒಟ್ಟಿಗೆ ಕೂಗಿ ಹಾಡುತ್ತಾರೆ.

ಕೊನೆಯ ಕಾರ್ಯಕ್ರಮ ಎಲ್ಲಿ ಆಯಿತು?

1996ರ ಬೇಸಿಗೆಯಲ್ಲಿ ಲೋಲಾಪಲೂಜಾ ಸಂಗೀತ ಯಾತ್ರೆಯಲ್ಲಿ ತಿರುಗಿದರು. ಆಮೇಲೆ ಆಗಸ್ಟ್ 6ರಂದು ಹಾಲಿವುಡ್ಡಿನ ಪ್ಯಾಲೇಸ್ ಅನ್ನುವ ಹಾಲಿನಲ್ಲಿ ಕೊನೆಯದು. ಅವರ ಲೆಕ್ಕದಲ್ಲಿ ಅದು 2,263ನೇ ಕಾರ್ಯಕ್ರಮ. ಮೋಟರ್‌ಹೆಡ್‌ನ ಲೆಮ್ಮಿ, ಪರ್ಲ್ ಜ್ಯಾಮ್‌ನ ಎಡ್ಡಿ ವೆಡ್ಡರ್, ಸೌಂಡ್‌ಗಾರ್ಡನ್ ಮತ್ತು ರ‍್ಯಾನ್ಸಿಡ್ ಬ್ಯಾಂಡಿನವರು ಬಂದು ಜೊತೆಗೆ ನುಡಿಸಿದರು. ಡೀ ಡೀಯೂ ಬಂದ. ಕೊನೆಯ ಹಾಡು ಡೇವ್ ಕ್ಲಾರ್ಕ್ ಫೈವ್ ಬ್ಯಾಂಡಿನ ಹಳೆಯ ಹಾಡೊಂದು. ಪೂರ್ತಿ ಕಾರ್ಯಕ್ರಮ 'ವಿ ಆರ್ ಔಟಾ ಹಿಯರ್' ಅಂತ ಆಲ್ಬಮ್ ಆಗಿ ಬಂದಿದೆ.

ಆಮೇಲೆ ಮತ್ತೆ ಒಂದಾಗಲಿಲ್ಲವಾ?

ಇಲ್ಲ. ಆಗುವಷ್ಟು ಸಮಯವೂ ಸಿಗಲಿಲ್ಲ. ಜೋಯಿ 2001ರ ಏಪ್ರಿಲ್ 15ರಂದು ತೀರಿಕೊಂಡ, 50 ತುಂಬಲು ಒಂದು ತಿಂಗಳಿತ್ತು. 2002ರ ಮಾರ್ಚ್‌ನಲ್ಲಿ ಬ್ಯಾಂಡು ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿತು. ಅದೇ ಜೂನ್ 5ರಂದು ಡೀ ಡೀ ಹೆರಾಯಿನ್‌ನಿಂದ ಸತ್ತ. 2004ರ ಸೆಪ್ಟೆಂಬರ್ 15ರಂದು ಜಾನಿ ಕ್ಯಾನ್ಸರ್‌ನಿಂದ ಹೋದ. ಟಾಮಿ 2014ರ ಜುಲೈನಲ್ಲಿ. ಮಾರ್ಕಿ, ಸಿ.ಜೆ. ಇಬ್ಬರೂ ಮುಂದೆ ತಮ್ಮ ತಮ್ಮ ಬ್ಯಾಂಡು ಕಟ್ಟಿಕೊಂಡು ಈ ಹಾಡುಗಳನ್ನು ನುಡಿಸುತ್ತಾ ಬಂದರು.

ಎಲ್ಲ ಹಾಡೂ ಚೆನ್ನಾಗಿದೆಯಾ?

ಇಲ್ಲ. ಮಾರ್ಕಿ ಬರೆದದ್ದರಲ್ಲಿ ಪಾಲಿರುವ 'ಹ್ಯಾವ್ ಅ ನೈಸ್ ಡೇ' ನನಗೆ ಸಪ್ಪೆ. 'ಗಾಟ್ ಅ ಲಾಟ್ ಟು ಸೇ' ಹೆಸರಿಗೆ ತಕ್ಕಷ್ಟು ಹೇಳುವುದಿಲ್ಲ. ಮಧ್ಯದ ಎರಡು ಮೂರು ಹಾಡು ಸುಮ್ನೆ ಓಡಿಹೋಗುತ್ತವೆ. ಆದರೂ 1984ರ 'ಟೂ ಟಫ್ ಟು ಡೈ' ಆದ ಮೇಲೆ ಅವರು ಮಾಡಿದ ಅತ್ಯುತ್ತಮ ಆಲ್ಬಮ್ ಇದೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 80ರ ದಶಕದ ಕೊನೆಯ ಆಲ್ಬಮ್ಮುಗಳಲ್ಲಿ ಏನೋ ಹುಡುಕಾಟ, ರೇಡಿಯೋಗೆ ಹಿಡಿಸೋಣ ಅನ್ನುವ ತವಕ ಕಾಣುತ್ತದೆ. ಇಲ್ಲಿ ಆ ತವಕ ಇಲ್ಲ. ಯಾರನ್ನೂ ಮೆಚ್ಚಿಸುವ ಅಗತ್ಯ ಉಳಿದಿರಲಿಲ್ಲ, ತಮಗೆ ಬರುವುದನ್ನು ತಮ್ಮ ಥರ ನುಡಿಸಿದರು.

ಮೊದಲ ಸಲ ರಮೋನ್ಸ್ ಕೇಳುವವರು ಇದರಿಂದ ಶುರು ಮಾಡಬಹುದಾ?

ಬೇಡ. ಮೊದಲು 1976ರ ಆಲ್ಬಮ್, ಆಮೇಲೆ 1977ರ 'ರಾಕೆಟ್ ಟು ರಷ್ಯಾ' ಕೇಳಿ. ಎರಡೂ ಸೇರಿ ಒಂದು ಗಂಟೆಯೊಳಗೆ ಮುಗಿಯುತ್ತವೆ. ನಡುವೆ 'ಟೂ ಟಫ್ ಟು ಡೈ'. ಆಮೇಲೆ ಇದಕ್ಕೆ ಬನ್ನಿ. ಪುರುಸೊತ್ತು ಇಲ್ಲದಿದ್ದರೆ ಈ ಆಲ್ಬಮ್ಮಿನ ನಾಲ್ಕೇ ಹಾಡು ಸಾಕು, 'ಐ ಡೋಂಟ್ ವಾಂಟ್ ಟು ಗ್ರೋ ಅಪ್', 'ಲೈಫ್ಸ್ ಅ ಗ್ಯಾಸ್', 'ಶಿ ಟಾಕ್ಸ್ ಟು ರೇನ್‌ಬೋಸ್', 'ಬಾರ್ನ್ ಟು ಡೈ ಇನ್ ಬರ್ಲಿನ್'. ಇದೇ ಕ್ರಮದಲ್ಲಿ ಕೇಳಿ, ಸೌಂಡ್ ಸ್ವಲ್ಪ ಜಾಸ್ತಿನೇ ಇರಲಿ. ಇಷ್ಟವಾದರೆ ಜೋಯಿ ತೀರಿಕೊಂಡ ಮೇಲೆ 2002ರಲ್ಲಿ ಬಂದ ಅವನ ಸ್ವಂತ ಆಲ್ಬಮ್ 'ಡೋಂಟ್ ವರಿ ಅಬೌಟ್ ಮಿ' ಹುಡುಕಿ. ಅದಕ್ಕೂ ಪ್ರೊಡ್ಯೂಸರ್ ಡೇನಿಯಲ್ ರೇನೇ.